67ರಲ್ಲಿ ಲೇಕ್ ಡಿಸ್ಟ್ರಿಕ್ಟ್ ನಡಿಗೆ: ಗುಂಪಿಗೆ ನಾನು ಹೊರೆಯಾಗುತ್ತೇನಾ?

ಪ್ರಶ್ನೆ: ನನಗೆ 67 ವರ್ಷ. ಮೈಸೂರಿನಲ್ಲಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ಈಗ ನಿವೃತ್ತಳು. ಮಗಳು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದಾಳೆ. ಬರುವ ಮೇ ತಿಂಗಳಲ್ಲಿ ಅವಳ ಮನೆಗೆ ಹೋಗುತ್ತಿದ್ದೇನೆ. ಅಲ್ಲಿನ ಬೆಟ್ಟ-ಸರೋವರಗಳ ಸೀಮೆಯಾದ ಲೇಕ್ ಡಿಸ್ಟ್ರಿಕ್ಟಿನಲ್ಲಿ ಹಿರಿಯರು ಗುಂಪಾಗಿ ನಡೆಯುವ ಪ್ರವಾಸಗಳಿವೆ, ಒಂದು ವಾರ ಹೋಗಿ ಬಾ ಅನ್ನುತ್ತಾಳೆ. ಅವಳಿಗೆ ರಜೆ ಇಲ್ಲ, ನಾನೊಬ್ಬಳೇ ಹೋಗಬೇಕು. ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತೇನೆ. ಬಿಪಿಗೆ ಮಾತ್ರೆ ಇದೆ. ಬಲ ಮಂಡಿ ಸ್ವಲ್ಪ ಸವೆದಿದೆ ಅಂತ ಡಾಕ್ಟರು ಹೇಳಿದ್ದಾರೆ. ನನ್ನಿಂದ ಗುಂಪಿನವರಿಗೆಲ್ಲ ತಡ ಆಗುತ್ತದೇನೋ ಎಂಬುದೇ ನನ್ನ ಭಯ. ಹೋಗಬಹುದಾ? ಹೇಗೆ ತಯಾರಾಗಲಿ?

ಉತ್ತರ:

ಹೋಗಬಹುದು. ನೀವು ಬರೆದದ್ದನ್ನು ಓದಿದರೆ ಬೇಡ ಅನ್ನಲು ನನಗೆ ಕಾರಣ ಕಾಣುತ್ತಿಲ್ಲ. ಆದರೆ ಎರಡು ಕೆಲಸ ಈಗಿನಿಂದಲೇ ಆಗಬೇಕು. ಒಂದು, ನಿಮ್ಮ ಶಕ್ತಿಗಿಂತ ಒಂದು ಮೆಟ್ಟಿಲು ಕೆಳಗಿನ ಮಟ್ಟದ ನಡಿಗೆಯನ್ನು ಆರಿಸಬೇಕು. ಎರಡು, ಹತ್ತುವುದಕ್ಕಲ್ಲ, ಇಳಿಯುವುದಕ್ಕೆ ಕಾಲನ್ನು ತಯಾರು ಮಾಡಬೇಕು. ಈ ಎರಡು ಸರಿಯಾದರೆ ಹೊರೆಯಾಗುವ ಭಯ ತಾನಾಗಿಯೇ ಕಡಿಮೆಯಾಗುತ್ತದೆ. ನಾನು ಫಿಸಿಯೋಥೆರಪಿಸ್ಟ್. ಉತ್ತರ ಇಂಗ್ಲೆಂಡಿನಲ್ಲಿ ಹಿರಿಯರ ಮಂಡಿ, ಸೊಂಟ ನೋಡುವುದೇ ನನ್ನ ಕೆಲಸ. ಬಿಡುವಿನ ದಿನಗಳಲ್ಲಿ ಇದೇ ಬೆಟ್ಟಗಳಲ್ಲಿ ನಡಿಗೆ ಗುಂಪುಗಳ ಜೊತೆ ಹೋಗುತ್ತೇನೆ. ಹಾಗಾಗಿ ಊರು, ಕಾಲು ಎರಡರ ಬಗ್ಗೆಯೂ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆ ಭಯದ ಮಾತು. ಅಲ್ಲಿನ ಗುಂಪು ನಡಿಗೆ ಶುರುವಾದದ್ದೇ ಸಾಮಾನ್ಯ ಜನರಿಗಾಗಿ. ಕೋಲ್ನ್ ಎಂಬ ಗಿರಣಿ ಊರಿನಲ್ಲಿ ಟಿ. ಎ. ಲಿಯೊನಾರ್ಡ್ ಎಂಬ ಪಾದ್ರಿ ಇದ್ದರು. ತಮ್ಮ ಊರಿನ ಯುವಕರನ್ನು 1891ರಲ್ಲಿ ಲೇಕ್ ಡಿಸ್ಟ್ರಿಕ್ಟಿನ ಆಂಬಲ್‌ಸೈಡಿಗೆ ಕರೆದುಕೊಂಡು ಹೋದರು. ಗಿರಣಿ ರಜೆಯಲ್ಲಿ ಕಡಲತೀರದ ಗದ್ದಲದ ಊರುಗಳಿಗೆ ಹೋಗಿ ದುಡ್ಡು ಕಳೆಯುವ ಬದಲು ಬೆಟ್ಟದಲ್ಲಿ ನಡೆಯಲಿ ಎಂಬುದು ಅವರ ಆಸೆ. ಅದೇ ಬೆಳೆದು 1913ರಲ್ಲಿ ಹಾಲಿಡೇ ಫೆಲೋಶಿಪ್ ಆಯಿತು. ಇವತ್ತಿಗೂ ಎಚ್‌ಎಫ್ ಹಾಲಿಡೇಸ್ ಎಂಬ ಹೆಸರಿನಲ್ಲಿ ಸದಸ್ಯರದೇ ಸಹಕಾರ ಸಂಸ್ಥೆಯಾಗಿ ನಡೆಯುತ್ತಿದೆ. ಡರ್ವೆಂಟ್‌ವಾಟರ್ ಸರೋವರದ ಹತ್ತಿರ ಅವರದೊಂದು ಮನೆ ಇದೆ, ಕಾನಿಸ್ಟನ್ ಬಳಿ ಇನ್ನೊಂದು. ಬೇರೆ ಸಂಸ್ಥೆಗಳೂ ಇವೆ. ಇಂಥ ಪ್ರವಾಸಗಳಿಗೆ ಬರುವವರಲ್ಲಿ ನಿವೃತ್ತರೇ ಜಾಸ್ತಿ. ಒಬ್ಬೊಬ್ಬರೇ ಬರುವವರೂ ಬೇಕಾದಷ್ಟು ಜನ. ನಿಮ್ಮ ಹಾಗೇ ಮಂಡಿಗೆ ಪಟ್ಟಿ ಕಟ್ಟಿಕೊಂಡವರು, ಸೊಂಟದ ಕೀಲು ಬದಲಾಯಿಸಿಕೊಂಡವರು ಎಲ್ಲರೂ ಸಿಗುತ್ತಾರೆ.

ಇಂಥ ಕಡೆ ಒಂದೇ ದಿನಕ್ಕೆ ಎರಡು ಮೂರು ಮಟ್ಟದ ನಡಿಗೆ ಇಟ್ಟಿರುತ್ತಾರೆ: ಸುಲಭ, ಮಧ್ಯಮ, ಕಠಿಣ. ಹಿಂದಿನ ಸಂಜೆ ನಾಳೆಯ ದಾರಿಗಳನ್ನು ವಿವರಿಸುತ್ತಾರೆ. ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತೀರಿ. ಸುಸ್ತಾಗಿದ್ದರೆ ಒಂದು ದಿನ ಮನೆಯಲ್ಲೇ ಕೂತು ಪುಸ್ತಕ ಓದಬಹುದು. ಗುಂಪಿನಲ್ಲಿ ಹಿಂದೆ ಬೀಳುವವರು ಯಾರು ಗೊತ್ತಾ? ನನ್ನ ಅನುಭವದಲ್ಲಿ ವಯಸ್ಸಾದವರಲ್ಲ. ಮಟ್ಟವನ್ನು ಆಸೆಯಿಂದ ಆರಿಸಿದವರು. ಎರಡನೆಯ ದಿನ ಮಧ್ಯಾಹ್ನ ಅವರ ತೊಡೆ ನಡುಗುತ್ತಿರುತ್ತದೆ. ಸುಲಭದ ಗುಂಪಿನಲ್ಲಿ ಮುಂದೆ ನಡೆಯುವ 75ರ ಅಜ್ಜಿಯರನ್ನು ನಾನು ತುಂಬ ನೋಡಿದ್ದೇನೆ.

ಮಟ್ಟವನ್ನು ಅಳೆಯುವುದು ಹೇಗೆ? ಕಿಲೋಮೀಟರ್ ನೋಡಿ ತೀರ್ಮಾನಿಸಬೇಡಿ, ಒಟ್ಟು ಏರು ಎಷ್ಟು ಮೀಟರ್ ಅಂತ ಕೇಳಿ. 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಲೆಕ್ಕ ಕೊಟ್ಟರು. ಈಗಲೂ ಗೈಡುಗಳು ಅದನ್ನೇ ಬಳಸುತ್ತಾರೆ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಗಟ್ಟಿಮುಟ್ಟಾದ ಯುವಕರ ಲೆಕ್ಕ ಇದು. ನಮ್ಮ ವಯಸ್ಸಿನವರ ಗುಂಪಿಗೆ ಅದರ ಮೇಲೆ ಅರ್ಧದಷ್ಟು ಸೇರಿಸಿ. ಊಟ, ಫೋಟೋ, ಗೇಟು ದಾಟುವ ಸಮಯ ಬೇರೆ.

ಉದಾಹರಣೆಗೆ ಕ್ಯಾಟ್‌ಬೆಲ್ಸ್ ತೆಗೆದುಕೊಳ್ಳಿ. ಡರ್ವೆಂಟ್‌ವಾಟರ್ ಪಕ್ಕದ 451 ಮೀಟರ್ ಎತ್ತರದ ಬೆಟ್ಟ ಅದು. ಎಲ್ಲ ಪುಸ್ತಕಗಳಲ್ಲೂ ಕುಟುಂಬದವರಿಗೆ ಒಳ್ಳೆಯದು ಅಂತ ಬರೆದಿರುತ್ತಾರೆ. ನಡಿಗೆ ಸುಮಾರು 6 ಕಿಲೋಮೀಟರ್, ಏರು 375 ಮೀಟರಿನಷ್ಟು. ಲೆಕ್ಕದ ಪ್ರಕಾರ ಎರಡು ಗಂಟೆಯೂ ಬೇಡ. ಆದರೆ ತುದಿಯ ಹತ್ತಿರ ಬಂಡೆಯ ಮೇಲೆ ಕೈ ಊರಿ ಹತ್ತಬೇಕು. ಲಕ್ಷಾಂತರ ಬೂಟುಗಳು ತುಳಿದು ಆ ಕಲ್ಲು ನುಣುಪಾಗಿಬಿಟ್ಟಿದೆ. ಮಳೆ ಬಂದರೆ ಜಾರುತ್ತದೆ. ಮಂಡಿ ಸವೆದವರಿಗೆ ಅಲ್ಲಿ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಒಣ ದಿನ, ಒಳ್ಳೆಯ ಗೈಡ್, ನಿಮಗೆ ಧೈರ್ಯ ಮೂರೂ ಇದ್ದರೆ ಹೋಗಿ. ಇಲ್ಲದಿದ್ದರೆ ಅದೇ ಬೆಟ್ಟದ ಬುಡದಲ್ಲಿ, ನೀರಿನ ಅಂಚಿನಲ್ಲಿ ಬ್ರ್ಯಾಂಡೆಲ್‌ಹೌ ಕಾಡಿನೊಳಗೆ ನಡೆಯುವ ದಾರಿ ಇದೆ. ಈ ಬ್ರ್ಯಾಂಡೆಲ್‌ಹೌ ಜಾಗವನ್ನು ಚೆಂದದ ನೆಲ, ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 1902ರಲ್ಲಿ ಸಾರ್ವಜನಿಕರಿಂದ ಚಂದಾ ಎತ್ತಿ ಕೊಂಡುಕೊಂಡಿತು. ಲೇಕ್ ಡಿಸ್ಟ್ರಿಕ್ಟಿನಲ್ಲಿ ಅದು ಕೊಂಡ ಮೊದಲ ನೆಲ ಅದೇ. ನನ್ನ ಕಣ್ಣಿಗೆ ಬೆಟ್ಟದ ತುದಿಗಿಂತ ಈ ದಾರಿ ಏನೂ ಕಡಿಮೆಯಲ್ಲ.

ಡರ್ವೆಂಟ್‌ವಾಟರನ್ನು ಶುರುವಿಗೆ ನಾನು ಹೇಳುವುದಕ್ಕೆ ಇನ್ನೊಂದು ಕಾರಣ ದೋಣಿ. ಕೆಸ್‌ವಿಕ್ ಊರಿನಿಂದ ಹೊರಡುವ ಲಾಂಚ್ ಸರೋವರದ ಸುತ್ತಲಿನ ಪುಟ್ಟ ಕಟ್ಟೆಗಳಲ್ಲೆಲ್ಲ ನಿಲ್ಲುತ್ತದೆ. ಪೂರ್ತಿ ಸುತ್ತಿದರೆ ಸುಮಾರು 16 ಕಿಲೋಮೀಟರ್. ಅಷ್ಟು ಬೇಡ ಅನ್ನಿಸಿದರೆ ಮುಂದಿನ ಕಟ್ಟೆಯಲ್ಲಿ ಕೂತು ದೋಣಿ ಹತ್ತಿದರಾಯಿತು. ನಡುವೆ ನಿಲ್ಲಿಸುವ ಅವಕಾಶ ಇದೆ ಅಂತ ಗೊತ್ತಿದ್ದರೆ ಕಾಲಿಗೂ ಮನಸ್ಸಿಗೂ ಬಲ ಬರುತ್ತದೆ. ಬರಿ ಬೆಟ್ಟದ ಮೇಲೆ ಈ ಸೌಲಭ್ಯ ಇಲ್ಲ. ಹತ್ತಿದ ಮೇಲೆ ಇಳಿಯಲೇಬೇಕು. ಸರೋವರ ಇರುವ ಬೆಟ್ಟದ ಸೀಮೆ ಹಿರಿಯರಿಗೆ ಹೊಂದುವುದು ಇದಕ್ಕೇ.

ಅಲ್ಸ್‌ವಾಟರ್ ಸರೋವರದಲ್ಲೂ ಹೀಗೇ. ಅಲ್ಲಿ 1859ರಿಂದ ಸ್ಟೀಮರ್ ಓಡಾಟ ಇದೆ. ಗ್ಲೆನ್‌ರಿಡ್ಡಿಂಗ್ ಊರಿನಿಂದ ಹೌಟೌನಿಗೆ ದೋಣಿಯಲ್ಲಿ ಹೋಗಿ, ಅಲ್ಲಿಂದ ದಡದಲ್ಲೇ ನಡೆದು ವಾಪಸ್ ಬರುವುದು ಲೇಕ್ ಡಿಸ್ಟ್ರಿಕ್ಟಿನ ಅತಿ ಸುಂದರ ನಡಿಗೆಗಳಲ್ಲಿ ಒಂದು. ಸುಮಾರು 11 ಕಿಲೋಮೀಟರ್. ದೋಣಿ ಮೊದಲು, ನಡಿಗೆ ಆಮೇಲೆ. ಇದನ್ನು ತಿರುಗಿಸಬೇಡಿ. ನಡೆದು ಹೋಗಿ ದೋಣಿಯಲ್ಲಿ ಬರುತ್ತೇವೆ ಅಂದರೆ ಕೊನೆಯ ದೋಣಿ ತಪ್ಪೀತೆಂದು ಓಡಬೇಕಾಗುತ್ತದೆ. ಓಡುವಾಗಲೇ ಕಾಲು ಉಳುಕುವುದು. ನಕ್ಷೆಯಲ್ಲಿ ನೀರಿನ ಪಕ್ಕದ ಗೆರೆ ನೋಡಿ ಇದು ಸಮತಟ್ಟು ಅಂದುಕೊಳ್ಳಬೇಡಿ. ಕಲ್ಲು, ಬೇರು, ಸಣ್ಣ ಸಣ್ಣ ಏರಿಳಿತ ತುಂಬ ಇವೆ. ಹಾಗಾಗಿ ಇದು ಮೂರನೆಯ ಅಥವಾ ನಾಲ್ಕನೆಯ ದಿನಕ್ಕಿರಲಿ.

ಮೊದಲ ದಿನಕ್ಕೆ ಬಟರ್‌ಮಿಯರ್ ಸರೋವರದ ಸುತ್ತೂ ಒಳ್ಳೆಯದು. 7 ಕಿಲೋಮೀಟರಿನಷ್ಟು, ಹೆಚ್ಚಾಗಿ ಸಮತಟ್ಟು, ಒಂದು ಕಡೆ ಬಂಡೆಯೊಳಗೆ ಕೊರೆದ ಪುಟ್ಟ ಸುರಂಗ ದಾಟಬೇಕು. ಟಾರ್ನ್ ಹೌಸ್ ಎಂಬ ಪುಟ್ಟ ಸರೋವರದ ಸುತ್ತು ಇನ್ನೂ ಸುಲಭ, 3 ಕಿಲೋಮೀಟರಿನ ಒಳಗೇ ಮುಗಿಯುತ್ತದೆ. ಗ್ರಾಸ್ಮಿಯರಿನಿಂದ ರೈಡಲ್ ಕಡೆಗೆ ಹಿಂದಿನ ಕಾಲದಲ್ಲಿ ಹೆಣ ಹೊತ್ತು ಸಾಗುತ್ತಿದ್ದ ದಾರಿ ಇದೆ. ಒಂದು ತುದಿಯಲ್ಲಿ ಕವಿ ವರ್ಡ್ಸ್‌ವರ್ತ್ 1799ರಿಂದ 1808ರವರೆಗೆ ಇದ್ದ ಡವ್ ಕಾಟೇಜ್. ಇನ್ನೊಂದು ತುದಿಯಲ್ಲಿ ಅವರು 1813ರಿಂದ ಸಾಯುವವರೆಗೆ ಇದ್ದ ರೈಡಲ್ ಮೌಂಟ್. ಪಾಠ ಹೇಳಿದವರು ನೀವು, ಈ ದಾರಿಯನ್ನು ಬಿಡಬೇಡಿ. ಆ ಕವಿ ತಮ್ಮ 70ನೆಯ ವಯಸ್ಸಿನಲ್ಲಿ ಹೆಲ್ವೆಲಿನ್ ಹತ್ತಿದ್ದರು. 950 ಮೀಟರಿನ ಬೆಟ್ಟ ಅದು. ಆದರೆ ಜೀವನಪೂರ್ತಿ ಆ ಬೆಟ್ಟಗಳಲ್ಲೇ ನಡೆದ ಕಾಲು ಅವರದು. ಹೆಲ್ವೆಲಿನ್ನಿನ ಸ್ಟ್ರೈಡಿಂಗ್ ಎಡ್ಜ್ ಎಂಬ ಕತ್ತಿಯಂಚಿನ ದಾರಿಗೆ ಯಾರಾದರೂ ಕರೆದರೆ ಬರುವುದಿಲ್ಲ ಅನ್ನಿ.

ಈಗ ಕಾಲಿನ ವಿಷಯ. ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದದ್ದು ಇದೇ.

ಕುಕ್ಕರಹಳ್ಳಿ ಕೆರೆ ಸುತ್ತುವುದು ಹೃದಯಕ್ಕೆ, ಉಸಿರಿಗೆ ಒಳ್ಳೆಯದು. ಆದರೆ ಆ ಏರಿ ಸಮತಟ್ಟು. ಬೆಟ್ಟ ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬೇರೆ ಥರ ಕೆಲಸ ಮಾಡುತ್ತದೆ. ಘಾಟಿ ಇಳಿಯುವ ಬಸ್ಸಿಗೆ ಬ್ರೇಕ್ ಹೇಗೋ ಹಾಗೆ, ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ತಡೆಹಿಡಿಯಬೇಕು. ಹಾಗೆ ತಡೆಯುತ್ತಲೇ ಸ್ನಾಯು ಉದ್ದವಾಗುತ್ತಾ ಹೋಗುತ್ತದೆ. ಅಭ್ಯಾಸ ಇಲ್ಲದಿದ್ದರೆ ಅದರ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ. ನೋವು ಅವತ್ತೇ ಬರುವುದಿಲ್ಲ. ಒಂದೆರಡು ದಿನ ಬಿಟ್ಟು ಬರುತ್ತದೆ. ಸ್ನಾಯು ಸೋತ ಮೇಲೆ ಭಾರವೆಲ್ಲ ಮಂಡಿಯ ಕೀಲಿಗೆ ಬೀಳುತ್ತದೆ. ನಿಮ್ಮ ಬಲ ಮಂಡಿ ಆಗ ದೂರು ಹೇಳುತ್ತದೆ. ಜನ ಬೀಳುವುದೂ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಇಳಿಯುವಾಗ, ಕಾಲು ಸೋತಾಗ.

ಒಳ್ಳೆಯ ಸುದ್ದಿಯೂ ಇದೆ. ಈ ಸ್ನಾಯು ಬೇಗ ಕಲಿಯುತ್ತದೆ. ಒಮ್ಮೆ ಹದವಾಗಿ ಇಳಿದು ಅಭ್ಯಾಸ ಮಾಡಿದರೆ ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋವಾಗುವುದಿಲ್ಲ. ನಿಮಗೆ ಚಾಮುಂಡಿ ಬೆಟ್ಟ ಮನೆ ಹತ್ತಿರವೇ ಇದೆ. ಎಷ್ಟೋ ಜನ ಮೆಟ್ಟಿಲು ಹತ್ತಿ, ದರ್ಶನ ಮಾಡಿ, ಬಸ್ಸಿನಲ್ಲಿ ಇಳಿಯುತ್ತಾರೆ. ನೀವು ತಿರುಗಿಸಿ ಮಾಡಿ. ಬಸ್ಸಿನಲ್ಲಿ ಮೇಲೆ ಹೋಗಿ ಮೆಟ್ಟಿಲು ಇಳಿಯಿರಿ. ಮೊದಲ ವಾರ ನಂದಿಯಿಂದ ಕೆಳಕ್ಕೆ ಮಾತ್ರ. ಬರುಬರುತ್ತಾ ಪೂರ್ತಿ. ಬೆಳಿಗ್ಗೆ ತಂಪಿನಲ್ಲಿ, ನಿಧಾನವಾಗಿ, ಪಾದ ಸದ್ದು ಮಾಡದ ಹಾಗೆ ಇಡುತ್ತಾ ಇಳಿಯಿರಿ. ವಾರಕ್ಕೆ ಒಂದು ಸಲ ಸಾಕು. ಮಂಡಿ ಊದಿಕೊಂಡರೆ, ಅಥವಾ ಎರಡು ದಿನ ಬಿಟ್ಟೂ ಕೀಲಿನೊಳಗೆ ನೋವಿದ್ದರೆ, ದೂರ ಅರ್ಧ ಮಾಡಿ, ನಿಮ್ಮ ಡಾಕ್ಟರಿಗೆ ತೋರಿಸಿ. ತೊಡೆಯ ನೋವಿಗೆ ಹೆದರಬೇಡಿ.

ಮನೆಯಲ್ಲಿ ದಿನ ಬಿಟ್ಟು ದಿನ ಇದನ್ನು ಮಾಡಿ: ಕೆಳಗಿನ ಮೆಟ್ಟಿಲ ಮೇಲೆ ನಿಂತು, ಕಂಬಿ ಹಿಡಿದು, ಒಂದು ಕಾಲಿನ ಮೇಲೆ ಭಾರ ಬಿಟ್ಟು, ಇನ್ನೊಂದರ ಹಿಮ್ಮಡಿಯನ್ನು ನಿಧಾನವಾಗಿ ನೆಲಕ್ಕೆ ತಾಗಿಸಿ ಮೇಲೆತ್ತಿ. ಇಳಿಸಲು ಮೂರು ಎಣಿಕೆ. ಒಂದು ಕಾಲಿಗೆ 10 ಸಲ, ಸುಧಾರಿಸಿಕೊಂಡು ಮತ್ತೆ ಎರಡು ಸುತ್ತು. ಮಂಡಿ ಒಳಗಡೆಗೆ ಬಾಗದ ಹಾಗೆ ನೋಡಿಕೊಳ್ಳಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನೂ ಸೇರಿಸಿ. ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲುವುದು, ಸಿಂಕ್ ಹಿಡಿದುಕೊಂಡೇ ಆಗಲಿ, ಬ್ಯಾಲೆನ್ಸಿಗೆ ಒಳ್ಳೆಯದು.

ಹೊರಡುವ ನಾಲ್ಕು ವಾರ ಮೊದಲು ಒಂದು ಪರೀಕ್ಷೆ ಇಟ್ಟುಕೊಳ್ಳಿ. ಬೆನ್ನಿಗೆ 4-5 ಕಿಲೋ ಚೀಲ ಹಾಕಿಕೊಂಡು 10 ಕಿಲೋಮೀಟರ್ ನಡೆಯಿರಿ. ಮರುದಿನವೂ ಅಷ್ಟೇ ನಡೆಯಿರಿ. ನಿಜವಾದ ಪರೀಕ್ಷೆ ಆ ಎರಡನೆಯ ದಿನದ್ದು. ಆರಾಮಾಗಿ ಮುಗಿದರೆ ಸುಲಭದ ಮಟ್ಟ ನಿಮಗೆ ಸಲೀಸು, ಮಧ್ಯಮದ್ದನ್ನು ಒಂದೆರಡು ದಿನ ನೋಡಬಹುದು.

ಊರುಗೋಲು ಎರಡು ಬೇಕು, ಒಂದು ಸಾಲದು. ಒಂದೇ ಹಿಡಿದರೆ ದೇಹ ಒಂದು ಕಡೆ ವಾಲುತ್ತದೆ. ಸಮತಟ್ಟಿನಲ್ಲಿ ಮೊಣಕೈ ಲಂಬ ಕೋನದಲ್ಲಿರುವಷ್ಟು ಉದ್ದ, ಇಳಿಯುವಾಗ ಸ್ವಲ್ಪ ಜಾಸ್ತಿ ಉದ್ದ. ಕೋಲನ್ನು ಮೊದಲು ಕೆಳಗೆ ಊರಿ, ಆಮೇಲೆ ಹೆಜ್ಜೆ. ಮುಜುಗರ ಬೇಡ, ಅಲ್ಲಿ 30ರ ಹುಡುಗರೂ ಹಿಡಿದಿರುತ್ತಾರೆ. ಮೈಸೂರಿನಲ್ಲೇ ಹಿಡಿದು ಅಭ್ಯಾಸ ಮಾಡಿ ಬನ್ನಿ.

ಬೂಟನ್ನು ಈಗಲೇ ಕೊಳ್ಳಿ. ದಪ್ಪ ಸಾಕ್ಸ್ ಹಾಕಿಕೊಂಡು, ಸಂಜೆ ಹೊತ್ತು ಪಾದ ಸ್ವಲ್ಪ ಊದಿರುವಾಗ ಅಳತೆ ನೋಡಿ. ಇಳಿಯುವಾಗ ಬೆರಳು ಮುಂದಕ್ಕೆ ಒತ್ತಬಾರದು. ಬಿಪಿಗೆ ಆಮ್ಲೊಡಿಪಿನ್ ತೆಗೆದುಕೊಳ್ಳುತ್ತಿದ್ದರೆ ಕೆಲವರಿಗೆ ಕಾಲಿನ ಗಿಣ್ಣು ಊದುತ್ತದೆ, ಅದಕ್ಕೂ ಜಾಗ ಇರಲಿ.

ಮಾತ್ರೆಗಳ ಬಗ್ಗೆ ಇನ್ನೆರಡು ಮಾತು. ಹೆಸರಿನ ಕೊನೆಯಲ್ಲಿ "ಲಾಲ್" ಬರುವ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ್ದಾದರೆ ನಾಡಿ ಬೇಗ ಏರುವುದಿಲ್ಲ. ಕೈಗಡಿಯಾರ ತೋರಿಸುವ ಸಂಖ್ಯೆ ನಂಬಬೇಡಿ. ನಡೆಯುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯಾ ನೋಡಿ. ಆಗದಿದ್ದರೆ ನಿಧಾನಿಸಿ. ಇನ್ನೊಂದು ಇದಕ್ಕಿಂತ ಮುಖ್ಯ. ಟೆಲ್ಮಿಸಾರ್ಟಾನ್ ಜೊತೆ ಮೂತ್ರ ಹೆಚ್ಚಿಸುವ ಔಷಧ ಸೇರಿದ ಮಾತ್ರೆ ನಮ್ಮಲ್ಲಿ ತುಂಬ ಜನರಿಗೆ ಇರುತ್ತದೆ. ಅದರ ಮೇಲೆ ಮಂಡಿ ನೋವಿಗೆ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ನುಂಗಿ, ನೀರೂ ಕಡಿಮೆ ಕುಡಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ನೋವಿಗೆ ಯಾವ ಮಾತ್ರೆ ಎಂದು ಹೊರಡುವ ಮೊದಲೇ ನಿಮ್ಮ ಡಾಕ್ಟರಿಂದ ಬರೆಸಿಕೊಳ್ಳಿ. ಎದೆ ಬಿಗಿತ, ತಲೆಸುತ್ತು, ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಇದ್ದರೆ ಟಿಕೆಟ್ ಮಾಡುವ ಮೊದಲೇ ತೋರಿಸಿ.

ನೀರು ಕಡಿಮೆ ಕುಡಿಯುವುದಕ್ಕೆ ಹೆಂಗಸರಲ್ಲಿ ಒಂದೇ ಕಾರಣ, ಅಲ್ವಾ? ಬೆಟ್ಟದ ಮೇಲೆ ಶೌಚಾಲಯ ಇಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೊರಡುವ ಊರಿನಲ್ಲಿ ಇರುತ್ತದೆ, ಅಲ್ಲಿ ಹೋಗಿ ಬನ್ನಿ. ದಾರಿಯಲ್ಲಿ ಬೇಕಾದರೆ ಗೈಡಿಗೆ ಒಂದು ಮಾತು ಹೇಳಿ. ಗುಂಪು ಮುಂದೆ ಹೋಗಿ ತಿರುವಿನಲ್ಲಿ ಕಾಯುತ್ತದೆ. ಇದು ಅವರಿಗೆ ದಿನನಿತ್ಯದ ಕೆಲಸ. ಹಳ್ಳದಿಂದ ದೂರ ಹೋಗಿ, ಕಾಗದವನ್ನು ಜಿಪ್ ಚೀಲದಲ್ಲಿ ಹಾಕಿ ವಾಪಸ್ ತನ್ನಿ. ಇದಕ್ಕಾಗಿ ಬಾಯಾರಿಕೆ ತಡೆಯುವುದು ಬೇಡ.

ಮಳೆ ಬರುತ್ತದೆ. ಬಾರೊಡೇಲ್ ಕಣಿವೆಯ ಸೀತ್‌ವೇಟ್ ಹಳ್ಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಬೀಳುತ್ತದೆ, ನಮ್ಮ ಮಡಿಕೇರಿಗೆ ಹತ್ತಿರದ ಲೆಕ್ಕ. ಮೇ ತಿಂಗಳು ವರ್ಷದಲ್ಲಿ ಒಣ ತಿಂಗಳುಗಳಲ್ಲಿ ಒಂದು. ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ನಿಮ್ಮ ಮಗಳು ಒಳ್ಳೆಯ ಸಮಯವನ್ನೇ ಹೇಳಿದ್ದಾಳೆ. ಆದರೂ ಚಳಿಯನ್ನು ಹಗುರವಾಗಿ ಎಣಿಸಬೇಡಿ. 100 ಮೀಟರ್ ಮೇಲೆ ಹೋದಂತೆ ಅರ್ಧ ಡಿಗ್ರಿಗಿಂತ ಜಾಸ್ತಿ ತಾಪ ಇಳಿಯುತ್ತದೆ, ಜೊತೆಗೆ ಗಾಳಿ. ಕಾಟನ್ ಬಟ್ಟೆ ಒದ್ದೆಯಾದರೆ ಒಣಗುವುದಿಲ್ಲ, ಮೈ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಸೀರೆ, ಕಾಟನ್ ಚೂಡಿದಾರ್, ಜೀನ್ಸ್ ಸಂಜೆಗಿರಲಿ. ಬೆಟ್ಟಕ್ಕೆ ಬೇಗ ಒಣಗುವ ಪ್ಯಾಂಟ್, ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಂಗಿ, ಅದರ ಮೇಲೊಂದು ಬೆಚ್ಚನೆಯದು, ಎಲ್ಲಕ್ಕೂ ಮೇಲೆ ನೀರು ನುಗ್ಗದ ಜಾಕೆಟ್ ಮತ್ತು ಪ್ಯಾಂಟ್. ಕೊಡೆ ಗಾಳಿಗೆ ನಿಲ್ಲದು. ಮಂಕಿ ಕ್ಯಾಪ್ ಇದ್ದರೆ ಧಾರಾಳವಾಗಿ ತನ್ನಿ. ಸಂಜೆ ಮಲಗುವ ಮೊದಲು ಕಾಲಿನ ಮೇಲೆ ಉಣ್ಣಿ ಕಚ್ಚಿಕೊಂಡಿದೆಯಾ ನೋಡಿಕೊಳ್ಳಿ. ಜರೀಗಿಡದ ನಡುವೆ ನಡೆದ ದಿನವಂತೂ ನೋಡಲೇಬೇಕು. ಅದರಿಂದ ಲೈಮ್ ಎಂಬ ಕಾಯಿಲೆ ಬರಬಹುದು. ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು ತೆಗೆಯಿರಿ.

ಗುಂಪಿನಲ್ಲಿ ಮೊದಲ ದಿನವೇ ಗೈಡನ್ನು ಪಕ್ಕಕ್ಕೆ ಕರೆದು ಮಂಡಿ, ಮಾತ್ರೆ ಎರಡನ್ನೂ ಹೇಳಿ. ಮುಚ್ಚಿಡಬೇಡಿ. ಗೊತ್ತಿದ್ದರೆ ಅವರು ನಡಿಗೆಯ ವೇಗವನ್ನೇ ಅದಕ್ಕೆ ತಕ್ಕಂತೆ ಇಡುತ್ತಾರೆ. ಗೈಡಿನ ಹಿಂದೆಯೇ ಎರಡನೆಯವರಾಗಿ ನಡೆಯಿರಿ. ಕೊನೆಯಲ್ಲಿ ನಡೆಯುವವರಿಗೆ ಒಂದು ತೊಂದರೆ ಇದೆ. ಎಲ್ಲರೂ ನಿಂತು ಸುಧಾರಿಸಿಕೊಂಡು ಹೊರಡುವ ಹೊತ್ತಿಗೆ ಅವರು ಬಂದು ಸೇರುತ್ತಾರೆ. ಅವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಮುಂದೆ ನಡೆದರೆ ಗುಂಪು ನಿಮ್ಮ ವೇಗಕ್ಕೆ ಹೊಂದಿಕೊಳ್ಳುತ್ತದೆ. ಯಾರಿಗೂ ಹೇಳದೆ ಮಾತ್ರ ಗುಂಪು ಬಿಟ್ಟು ಹೋಗಬೇಡಿ. ಚೀಲದಲ್ಲಿ ಒಂದು ಸೀಟಿ ಇರಲಿ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿದರೆ ಸಹಾಯ ಬೇಕು ಅಂತ ಅರ್ಥ. ಫೋನಿನಲ್ಲಾದರೆ 999, ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಬೇಕು. ಆ ತಂಡದವರೆಲ್ಲ ಸ್ವಯಂಸೇವಕರು, ಹಣ ತೆಗೆದುಕೊಳ್ಳುವುದಿಲ್ಲ.

ಆಸ್ಪತ್ರೆಯ ವಿಷಯ ಹಾಗಲ್ಲ. ಪ್ರವಾಸಿ ವೀಸಾದಲ್ಲಿ ಬಂದವರು ಆಸ್ಪತ್ರೆಗೆ ದಾಖಲಾದರೆ ದೊಡ್ಡ ಬಿಲ್ ಬರುತ್ತದೆ. ಪ್ರಯಾಣ ವಿಮೆ ಮಾಡಿಸುವಾಗ ಬಿಪಿ, ಮಂಡಿ ಎರಡನ್ನೂ ಬರೆಸಿ. ಬರೆಸದಿದ್ದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಅದೊಂದು ಸಾಕು. ಬೆಟ್ಟದ ನಡಿಗೆ ವಿಮೆಯೊಳಗೆ ಬರುತ್ತದಾ ಅಂತಲೂ ಕೇಳಿ. ಮಾತ್ರೆಗಳನ್ನು ಕೈಚೀಲದಲ್ಲೇ, ಚೀಟಿ ಸಮೇತ ಇಟ್ಟುಕೊಳ್ಳಿ.

ಸಸ್ಯಾಹಾರಕ್ಕೆ ಅಲ್ಲಿ ತೊಂದರೆಯಿಲ್ಲ, ಬುಕಿಂಗ್ ಮಾಡುವಾಗಲೇ ಹೇಳಿ. ಮಧ್ಯಾಹ್ನದ ಊಟ ಮಾತ್ರ ತಣ್ಣನೆಯ ಸ್ಯಾಂಡ್‌ವಿಚ್. ಮಗಳ ಮನೆಯಿಂದ ಒಂದಿಷ್ಟು ಚಪಾತಿ, ಚಟ್ನಿಪುಡಿ, ಕಡಲೆ ಚಿಕ್ಕಿ ಒಯ್ಯಿರಿ. ಬಂಡೆಯ ಮೇಲೆ ಕೂತು ಹಂಚಿಕೊಂಡು ತಿಂದರೆ ಪರಿಚಯವೂ ಬೇಗ ಆಗುತ್ತದೆ.

ಕೊನೆಯದಾಗಿ ಬುಕಿಂಗ್. ಮೊದಲ ಸಲಕ್ಕೆ ಒಂದು ವಾರ ಬೇಡ, ಮೂರು ನಾಲ್ಕು ರಾತ್ರಿಯದನ್ನು ಹಿಡಿಯಿರಿ. ವಿಮಾನ ಇಳಿದ ಮೇಲೆ ಕನಿಷ್ಠ ಐದಾರು ದಿನ ಮಗಳ ಮನೆಯಲ್ಲಿ ಇದ್ದು, ನಿದ್ದೆ ಸರಿಹೋದ ಮೇಲೆ ಹೊರಡಿ. ಮೇ ಕೊನೆಯ ವಾರ ಅಲ್ಲಿ ಶಾಲೆಗಳಿಗೆ ರಜೆ, ಜನ ಜಾಸ್ತಿ, ಅದನ್ನು ತಪ್ಪಿಸಿ. ದುಡ್ಡು ಕಟ್ಟುವ ಮೊದಲು ಮಗಳ ಕೈಲಿ ಇಷ್ಟು ಕೇಳಿಸಿ: ಸುಲಭದ ನಡಿಗೆಯಲ್ಲಿ ದಿನಕ್ಕೆ ಒಟ್ಟು ಏರು ಎಷ್ಟು ಮೀಟರ್, ಮಟ್ಟವನ್ನು ದಿನಾ ಬದಲಾಯಿಸಬಹುದಾ, ಒಂದು ಗೈಡಿಗೆ ಎಷ್ಟು ಜನ, ಒದ್ದೆ ಬೂಟು ಒಣಗಿಸುವ ಕೋಣೆ ಇದೆಯಾ, ಒಬ್ಬರೇ ಕೋಣೆ ತೆಗೆದುಕೊಂಡರೆ ಹೆಚ್ಚುವರಿ ಎಷ್ಟು. ಒಟ್ಟು ಏರು ದಿನಕ್ಕೆ 200 ಮೀಟರಿನ ಆಸುಪಾಸು ಅಂದರೆ ಧೈರ್ಯವಾಗಿ ಬುಕ್ ಮಾಡಿ. 400ರ ಮೇಲೆ ಅಂದರೆ ಈ ಸಲಕ್ಕೆ ಬೇರೆಯದನ್ನು ನೋಡಿ. ಚಾಮುಂಡಿ ಮೆಟ್ಟಿಲು ಇಳಿಯುವುದನ್ನು ಈ ಭಾನುವಾರವೇ ಶುರು ಮಾಡಬಹುದು.